ಮೊಟ್ಟೆ ಇಡುವ ಕೋಳಿಗಳನ್ನೇ ಹಳ್ಳಿ ಮನೆಗೆ ತಂದೆ, ನಿಂತವು

ಹುಬ್ಬಳ್ಳಿ ಬಿಟ್ಟು ಕುಂದಗೋಳ ಕಡೆಯ ನಮ್ಮ ಹಳ್ಳಿಗೆ ಹೋಗುವುದು ಅಂತ ಆದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಕೋಳಿ ಮಾರಿ ಬಾ. ನಮ್ಮ ಅತ್ತೆಯವರು ಫೋನಿನಲ್ಲೇ, "ಮೊಟ್ಟಿ ಇಡೂ ಕೋಳಿ ಜಾಗಾ ಬದಲಿ ಮಾಡಿದ್ರ ನಿಲ್ಲೂದಿಲ್ಲವಾ, ಇಲ್ಲೇ ಹೊಸೂವು ತಗೊಳ್ಳೂಣಂತ" ಅಂದರು. ಕೊಳ್ಳಲು ಬಂದವನು 24 ಕೋಳಿಗೆ ಆರು ಸಾವಿರದ ಮೇಲೆ ಏರಲೇ ಇಲ್ಲ. ಅಷ್ಟು ದುಡ್ಡಿಗೆ ಮೊಟ್ಟೆಗೆ ಬಂದ ಕೋಳಿ ಹತ್ತು ಬಂದರೆ ಹೆಚ್ಚು. ಅದೂ ಅಲ್ಲದೆ ನನ್ನ ಜವಾರಿಗಳು ನಾಲ್ಕು ವರ್ಷದಿಂದ ನಾನೇ ಕಾವು ಕೂರಿಸಿ ಬೆಳೆಸಿದವು. ಮಾರಲು ಮನಸ್ಸು ಬರಲಿಲ್ಲ.

ಮೊದಲ ಸಲ ಕೆಟ್ಟದ್ದು ನನ್ನ ಅವಸರದಿಂದ. ಮೇ ತಿಂಗಳು, ಮನೆ ಸಾಮಾನು ಸಾಗಿಸುವ ಗಾಡಿಯಲ್ಲೇ ಐದು ಕೋಳಿಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಕಳಿಸಿದೆ. ಮಧ್ಯಾಹ್ನದ ಬಿಸಿಲು. ದಾರಿಯಲ್ಲೇ ಎರಡು ಹೋದವು. ಉಳಿದ ಮೂರನ್ನು ಮಾರನೇ ದಿನವೇ ಹಿತ್ತಲಿಗೆ ಬಿಟ್ಟೆ. ಸಂಜೆ ಗೂಡಿಗೆ ಬರದೆ ಪಕ್ಕದವರ ಬಣವಿ ಸಂದಿಯಲ್ಲಿ ಕೂತವು, ಒಂದನ್ನು ಮುಂಗುಸಿ ಎಳೆದುಕೊಂಡು ಹೋಯಿತು. ಮೂರು ಕೋಳಿ ನಷ್ಟ, ಊರೆಲ್ಲ ಮಾತು ಬೇರೆ.

ಆಗಸ್ಟ್‌ನಲ್ಲಿ ಇನ್ನೈದು ತಂದೆ. ಈ ಸಲ ರಾತ್ರಿ ತಂದಿದ್ದೆ, ದಾರಿಯಲ್ಲಿ ಏನೂ ಆಗಲಿಲ್ಲ. ಆದರೆ ನೆಲ ಕೈಕೊಟ್ಟಿತು. ನಮ್ಮದು ಎರೆ ಭೂಮಿ, ನಾಲ್ಕು ಹನಿ ಬಿದ್ದರೆ ಸಾಕು, ಕಾಲಿಗೆ ಎರಡು ಕೇಜಿ ಮಣ್ಣು ಹತ್ತುತ್ತದೆ. ಗೂಡಿನ ತಳ ಒಣಗಲೇ ಇಲ್ಲ. ಮೇಲೆ ಹಾಸಿದ ಶೇಂಗಾ ಹೊಟ್ಟಿಗೆ ಬೂಷ್ಟು ಬಂತು. ಹತ್ತನೇ ದಿನಕ್ಕೆ ಹಿಕ್ಕೆಯಲ್ಲಿ ರಕ್ತ. ಪಶು ಡಾಕ್ಟರು ನೋಡಿ ಆಂಪ್ರೋಲಿಯಂ ಅನ್ನುವ ಔಷಧಿ ಕೊಟ್ಟರು, ಎರಡು ಉಳಿದವು, ಮೂರು ಹೋದವು.

ಅಲ್ಲಿಗೆ ಅತ್ತೆಯವರು ಮಾತಾಡುವುದನ್ನೇ ಬಿಟ್ಟರು, ಅದು ಇನ್ನೂ ಕಷ್ಟ.

ಮೂರನೇ ಸಲಕ್ಕೆ ಮೊದಲು ನೆಲ ಸರಿ ಮಾಡಿದೆ. ಒಂದು ಟ್ರಾಲಿ ಗರಸು ಮಣ್ಣು ಹಾಕಿಸಿ ಒಂದೂವರೆ ಅಡಿ ಎತ್ತರ ಮಾಡಿ, ಅದರ ಮೇಲೆ ಗೂಡು. ಟ್ರಾಲಿ, ಆಳು, ಜಾಳಿಗೆ, ತಗಡು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಜಾಳಿಗೆ ಅರ್ಧ ಇಂಚಿನ ಕಣ್ಣಿನದೇ ಇರಲಿ, ಇಲ್ಲಿ ಉಳಿಸಲು ಹೋಗಬೇಡಿ. ಹೊರಡುವ ಮೂರು ವಾರ ಮೊದಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆರ್‌2ಬಿ ಹಾಕಿಸಿ ಮುಗಿಸಿದ್ದೆ. ಲಸಿಕೆ, ಪ್ರಯಾಣ ಎರಡೂ ಒಟ್ಟಿಗೆ ಬಿದ್ದರೆ ಕೋಳಿ ತಡೆಯಲ್ಲ.

ಡಿಸೆಂಬರ್ ಕೊನೆಯಲ್ಲಿ ಉಳಿದ ಹದಿಮೂರು ಹೇಂಟೆ, ಒಂದು ಹುಂಜ. ಮಧ್ಯಾಹ್ನದಿಂದ ಕಾಳು ನಿಲ್ಲಿಸಿದೆ, ನೀರು ಮಾತ್ರ. ಕತ್ತಲಾದ ಮೇಲೆ ಕೋಲಿನ ಮೇಲೆ ಕೂತಿದ್ದವನ್ನೇ ಹಾಗೇ ಎತ್ತಿ, ಬಿದಿರಿನ ಬುಟ್ಟಿಗೆ ನಾಲ್ಕರಂತೆ ಇಟ್ಟು, ಮೇಲೆ ಹಳೆ ಕೌದಿ ಮುಚ್ಚಿದೆ. ಗಾಳಿಗೆ ಒಂದು ಬದಿ ಬಿಟ್ಟಿದ್ದೆ. ಗಾಡಿ ಬಾಡಿಗೆ 1,200.

ಎಲ್ಲರೂ ತಲೆ ಅಲ್ಲಾಡಿಸಿದ್ದು ಮುಂದಿನದಕ್ಕೆ. ಕೋಳಿ ಜೊತೆ ಹಳೆ ಗೂಡಿನ ಕೂರುವ ಕೋಲು, ಮೊಟ್ಟೆ ಇಡುವ ಬುಟ್ಟಿಗಳು, ನೆಲದ ಒಣ ಹಾಸು ಎರಡು ಚೀಲ, ಬೂದಿ ಗುಂಡಿಯ ಬೂದಿ, ಎಲ್ಲ ತಂದೆ. ಬುಟ್ಟಿ ತೊಳೆಯಲಿಲ್ಲ. ಹೊಸ ಗೂಡಿನಲ್ಲಿ ಕೋಲು ಅದೇ ಎತ್ತರಕ್ಕೆ, ಬುಟ್ಟಿ ಅದೇ ಮೂಲೆಗೆ. ಹಿಂಡು ಗಟ್ಟಿಮುಟ್ಟಾಗಿದ್ದರೆ ಮಾತ್ರ ಹೀಗೆ ಮಾಡಿ, ರೋಗ ಬಂದ ಗೂಡಿನ ಹಾಸು ಸುಡಬೇಕು. ಮೊದಲ ಮೂರು ದಿನ ನೀರಿಗೆ ಬೆಲ್ಲದ ಜೊತೆ ಇನ್ನೊಂದು ಹಾಕಿದೆ. ಅದು ನಮ್ಮ ಅಜ್ಜಿಯ ಕೈಗುಣ, ಇಲ್ಲಿ ಬರೆಯಲ್ಲ.

ಒಂಬತ್ತು ದಿನ ಬಾಗಿಲು ತೆಗೆಯಲಿಲ್ಲ. ಮೊದಲೇ ಇದ್ದ ನಾಲ್ಕನ್ನು ಜಾಳಿಗೆ ಆಚೆ ಇಟ್ಟಿದ್ದೆ, ನೋಡಿಕೊಂಡೇ ರೂಢಿಯಾಗಲಿ ಅಂತ. ಹತ್ತನೇ ದಿನ ಸೂರ್ಯ ಮುಳುಗಲು ಒಂದು ತಾಸು ಇದೆ ಅನ್ನುವಾಗ ಬಿಟ್ಟೆ. ಬೆಳಿಗ್ಗೆ ಬಿಟ್ಟರೆ ದೂರ ಹೋಗುತ್ತವೆ, ಸಂಜೆಗೆ ಬಿಟ್ಟರೆ ಕತ್ತಲೇ ಒಳಗೆ ಅಟ್ಟುತ್ತದೆ. ಹುಬ್ಬಳ್ಳಿಯಲ್ಲಿ ಕಾಳು ಹಾಕುತ್ತಿದ್ದ ಅದೇ ಎಣ್ಣೆ ಡಬ್ಬಿಯಲ್ಲಿ ಜೋಳದ ನುಚ್ಚು ಅಲ್ಲಾಡಿಸಿದೆ. ಹದಿನಾಲ್ಕೂ ಓಡಿ ಬಂದವು.

ಹನ್ನೊಂದನೇ ದಿನ ಬೆಳಿಗ್ಗೆ ಕೆಂಚಿ ಅನ್ನುವ ಹೇಂಟೆ ಬುಟ್ಟಿ ಹತ್ತಿರ ನಿಂತಿತ್ತು. ಒಳಗೆ ಇಣುಕಿತು, ಹಿಂದೆ ಸರಿಯಿತು. ಆಮೇಲೆ ಹತ್ತಿ, ಎದೆಯಿಂದ ಹುಲ್ಲು ಒತ್ತಿ, ಒಂದೊಂದೇ ಕಡ್ಡಿ ಕೊಕ್ಕಿನಲ್ಲಿ ಹಿಡಿದು ಬೆನ್ನ ಮೇಲೆ ಹಾಕಿಕೊಳ್ಳುತ್ತ ಸುಮ್ನೆ ಕೂತಿತು. ನಾನು ಬಾಗಿಲ ಸಂದಿಯಲ್ಲಿ ಅರ್ಧ ತಾಸು ಅಲುಗಾಡಲಿಲ್ಲ. ಬೆಚ್ಚಗಿನ ಮೊಟ್ಟೆ ತಂದು ಅತ್ತೆಯವರ ಕೈಯಲ್ಲಿಟ್ಟೆ. "ನಿಂತ್ವಲ್ಲವಾ" ಅಂದರು.

ಚಳಿಗಾಲದಲ್ಲಿ ಹಗಲು ಚಿಕ್ಕದು ಅಲ್ವಾ, ಅದಕ್ಕೆ ಬೆಳಗಿನ ಜಾವ ಐದಕ್ಕೆ ಒಂದು ಬಲ್ಬು ಹಾಕಿ ನೋಡಿದೆ. ಮೊಟ್ಟೆ ಸ್ವಲ್ಪ ಜಾಸ್ತಿಯಾಯಿತು, ಆದರೆ ಕರೆಂಟು ಹೋದ ದಿನ ಎಲ್ಲ ತಪ್ಪುತ್ತದೆ, ಬಿಟ್ಟೆ. ಕೋಳಿ ಮೇವಿಗೆ ಅಂತ ತೊಟ್ಟಿಯಲ್ಲಿ ಬೆಳೆಸಿದ ಅಜೋಲ್ಲಾ (ನೀರಿನ ಮೇಲೆ ತೇಲುವ ಸಣ್ಣ ಸಸ್ಯ) ಬಿಸಿಲಿಗೆ ಸುಟ್ಟಿತು, ನೆರಳಿಗೆ ಇಟ್ಟು ಇನ್ನೊಮ್ಮೆ ಮಾಡಬೇಕು. ಗೆದ್ದಲಿನ ಗಡಿಗೆ ಮಾತ್ರ ಬಂಗಾರ. ಹಳೆ ಗಡಿಗೆಗೆ ಒದ್ದೆ ಸಗಣಿ, ಹುಲ್ಲು, ಗೋಣಿ ತುಂಡು ತುಂಬಿ ಸಂಜೆ ಗೆದ್ದಲು ಇರುವ ಕಡೆ ಬೋರಲು ಹಾಕಿ, ಬೆಳಿಗ್ಗೆ ಮರಿಗಳ ಮುಂದೆ ಕೊಡವಿ ನೋಡಿ.

ಈಗ ದಿನಕ್ಕೆ ಆರು ಏಳು ಮೊಟ್ಟೆ. ಮನೆಗೆ ಇಟ್ಟುಕೊಂಡು ಉಳಿದದ್ದು ಹನ್ನೆರಡು ರೂಪಾಯಿಯಂತೆ ಊರಲ್ಲೇ ಹೋಗುತ್ತದೆ. ಕೆಂಚಿ ಮೊನ್ನೆಯಿಂದ ಹನ್ನೊಂದು ಮೊಟ್ಟೆಗೆ ಕಾವು ಕೂತಿದೆ, ಅದೇ ಹಳೆ ಬುಟ್ಟಿಯಲ್ಲಿ.