ವಿಮಾನದ ಲೋಹದಲ್ಲಿ ದಣಿವಿನ ಬಿರುಕನ್ನು ಹುಡುಕುವ ಬಗೆ

ತೋರಣಗಲ್ಲಿನ ಸುತ್ತಲಿನ ಫ್ಯಾಬ್ರಿಕೇಷನ್ ಶೆಡ್‌ಗಳಲ್ಲಿ ದುಡಿಯುವವರಿಗೆ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಹೊಸದಲ್ಲ. ಕ್ಲೀನರ್, ಬಿರುಕಿನೊಳಗೆ ಇಳಿಯುವ ಕೆಂಪು ದ್ರವವಾದ ಪೆನೆಟ್ರೆಂಟ್, ಅದನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಎಂಬ ಮೂರು ಡಬ್ಬಿಗಳಿಂದ ವೆಲ್ಡಿಂಗ್‌ನ ಸೀಳನ್ನು ಪತ್ತೆಹಚ್ಚುವ ಆ ವಿಧಾನವೇ, ಇನ್ನಷ್ಟು ಕಟ್ಟುನಿಟ್ಟಾಗಿ, ವಿಮಾನದ ಬಿಡಿಭಾಗಗಳಿಗೂ ಬಳಕೆಯಾಗುತ್ತದೆ.

ವಿಮಾನ ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಂದು ಸಲದ ಒತ್ತಡ ಲೋಹವನ್ನು ಮುರಿಯಲಾರದು. ಅದೇ ಒತ್ತಡ ಸಾವಿರಾರು ಸಲ ಮರುಕಳಿಸಿದರೆ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಯ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. ಇದೇ ದಣಿವಿನ ಬಿರುಕು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನ ಅಷ್ಟರಲ್ಲಿ 89,680 ಹಾರಾಟ ಮುಗಿಸಿತ್ತು. ಹತ್ತುವಾಗಲೇ ಪ್ರಯಾಣಿಕರೊಬ್ಬರು ರಿವೆಟ್ ಸಾಲಿನ ಬಿರುಕನ್ನು ಕಂಡಿದ್ದರು, ಆದರೆ ಯಾರಿಗೂ ಹೇಳಿರಲಿಲ್ಲ.

ಪೆನೆಟ್ರೆಂಟ್ ಪರೀಕ್ಷೆಯಲ್ಲಿ ಮೊದಲ ಕೆಲಸ ಶುಚಿ ಮಾಡುವುದು, ಅರ್ಧ ಫಲಿತಾಂಶ ನಿರ್ಧಾರವಾಗುವುದೂ ಇಲ್ಲಿಯೇ. ಬಣ್ಣ, ಜಿಡ್ಡು, ತೇವ ಪೂರ್ತಿ ಹೋಗಬೇಕು. ಆದರೆ ಅಲ್ಯೂಮಿನಿಯಂ ಮೆದು ಲೋಹವಾದ್ದರಿಂದ ತಂತಿಬ್ರಷ್ ತಾಗಿಸಕೂಡದು. ನಾವು ಬಳ್ಳಾರಿಯಲ್ಲಿ ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಬಿರುಕುಬಿಟ್ಟ ತುಂಡೊಂದನ್ನು ಹುಡುಗನೊಬ್ಬ ಶ್ರದ್ಧೆಯಿಂದ ಉಜ್ಜಿ ಹೊಳೆಯಿಸಿದ; ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗಿ, ಹಿಂದಿನ ದಿನ ಸ್ಪಷ್ಟವಾಗಿ ಕಂಡಿದ್ದ ಗೆರೆ ಅಂದು ಮೂಡಲೇ ಇಲ್ಲ. ಬಿಸಿಲಿಗೂ ಎಚ್ಚರ ಬೇಕು. ಸಾಮಾನ್ಯ ಪೆನೆಟ್ರೆಂಟ್‌ಗೆ ಲೋಹದ ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಬಾರದು, ನಮ್ಮ ಏಪ್ರಿಲ್ ತಿಂಗಳಲ್ಲಿ ಹೊರಗಿಟ್ಟ ತಗಡು ಅದನ್ನು ಸುಲಭವಾಗಿ ದಾಟುತ್ತದೆ; ಆದ್ದರಿಂದ ಕೆಲಸವನ್ನು ನೆರಳಿನಲ್ಲೇ ಮಾಡಬೇಕು.

ಬಳಿಕ ಪೆನೆಟ್ರೆಂಟ್ ಹಚ್ಚಿ, ತಯಾರಕರು ಸೂಚಿಸಿದಷ್ಟು ಹೊತ್ತು, ಸಾಮಾನ್ಯವಾಗಿ 10ರಿಂದ 30 ನಿಮಿಷ, ಬಿಡಬೇಕು. ಮೇಲಿನದನ್ನು ಒಣಬಟ್ಟೆಯಿಂದಲೂ ಆಮೇಲೆ ಕ್ಲೀನರ್ ಸೋಕಿಸಿದ ಬಟ್ಟೆಯಿಂದಲೂ ಒರೆಸಬೇಕು. ಕ್ಲೀನರನ್ನು ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗಿನ ದ್ರವವೂ ತೊಳೆದುಹೋಗುತ್ತದೆ. ಡೆವಲಪರನ್ನು ಹಣೆಗೆ ವಿಭೂತಿ ಬಳಿದಷ್ಟು ತೆಳುವಾಗಿ ಸಿಂಪಡಿಸಿ, ಒಣಗತೊಡಗಿದಾಗಿನಿಂದಲೇ ಕಣ್ಣಿಟ್ಟು ನೋಡಬೇಕು. ದಣಿವಿನ ಬಿರುಕಾದರೆ ತೂತಿನ ಅಂಚಿನಿಂದ ಚೂಪಾದ ಸಣ್ಣ ಕೆಂಪು ಗೆರೆ ಹೊರಟು, ನೋಡನೋಡುತ್ತ ದಪ್ಪವಾಗುತ್ತದೆ. ವಿಮಾನದ ಕೆಲಸದಲ್ಲಿ ಕೆಂಪು ಬಣ್ಣದ ಬದಲು ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ದ್ರವವನ್ನೇ ಹೆಚ್ಚಾಗಿ ಬಳಸುತ್ತಾರೆ. ಎರಡನ್ನೂ ಒಂದೇ ಭಾಗಕ್ಕೆ ಹಚ್ಚಕೂಡದು, ಏಕೆಂದರೆ ಬಿರುಕಿನಲ್ಲಿ ಉಳಿದ ಕೆಂಪು ಬಣ್ಣ ಆ ಹೊಳಪನ್ನು ಕುಂದಿಸುತ್ತದೆ.

ಬಣ್ಣ ತೆಗೆಯಲಾಗದ ಕಡೆ, ಅಥವಾ ಒಂದರ ಮೇಲೊಂದು ಕೂಡಿಸಿದ ತಗಡಿನ ಒಳಪದರದಲ್ಲಿ, ಎಡ್ಡಿ ಕರೆಂಟ್ ಎಂಬ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಲೋಹದ ಮೇಲೆ ಆಡಿಸುವ ಪ್ರೋಬ್ ಎಂಬ ಸಾಧನದ ತಂತಿಸುರುಳಿ ಲೋಹದಲ್ಲಿ ಸುಳಿಸುಳಿಯಾದ ವಿದ್ಯುತ್ತನ್ನು ಹುಟ್ಟಿಸುತ್ತದೆ; ಬಿರುಕು ಅಡ್ಡ ಬಂದರೆ ಆ ಸುಳಿ ಬಳಸಿ ಹರಿಯುವುದರಿಂದ ಪರದೆಯ ಚುಕ್ಕಿ ಜಿಗಿಯುತ್ತದೆ. ಅದೇ ಮಿಶ್ರಲೋಹದ, ಗೊತ್ತಿರುವ ಆಳದ ಗೀರಿರುವ ತುಂಡಿನ ಮೇಲೆ ಉಪಕರಣವನ್ನು ಮೊದಲು ಹೊಂದಿಸಿಕೊಳ್ಳಬೇಕು. ಪ್ರೋಬ್ ವಾಲಿದರೂ ಚುಕ್ಕಿ ಅಲುಗುತ್ತದೆ, ಆದ್ದರಿಂದ ಕೈ ನಿಧಾನವಾಗಿರಲಿ. ಒಳಪದರಕ್ಕೆ ಕಡಿಮೆ ಫ್ರೀಕ್ವೆನ್ಸಿ, ಮೇಲ್ಮೈಗೆ ಹೆಚ್ಚು.

ಮತ್ತೆ ಯಾವಾಗ ಪರೀಕ್ಷಿಸಬೇಕೆಂಬುದನ್ನು, ನಾವು ಹಿಡಿದ ಅತಿ ಚಿಕ್ಕ ಬಿರುಕಿನ ಮೇಲಲ್ಲ, ನಮ್ಮ ಕಣ್ತಪ್ಪಬಹುದಾದ ಅತಿ ದೊಡ್ಡ ಬಿರುಕಿನ ಮೇಲೆ ಲೆಕ್ಕ ಹಾಕುತ್ತಾರೆ. ಅಂಥದೊಂದು ಅಪಾಯದ ಅಳತೆಗೆ ಬೆಳೆಯಲು 12,000 ಹಾರಾಟ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಹೆಚ್ಚೆಂದರೆ 6,000 ಹಾರಾಟಕ್ಕೊಮ್ಮೆ ನೋಡಬೇಕು, ಒಂದು ಸಲ ತಪ್ಪಿದರೂ ಇನ್ನೊಂದು ಅವಕಾಶ ಉಳಿದಿರಬೇಕು. ವರದಿಯಲ್ಲಿ ಬಿರುಕಿನ ಜಾಗ, ಉದ್ದ, ಬಳಸಿದ ಪ್ರೋಬ್ ಮತ್ತು ಹೊಂದಿಸಿದ ತುಂಡಿನ ವಿವರದ ಜೊತೆಗೆ, ಪ್ರೋಬ್ ತಲುಪದೆ ಉಳಿದ ರಿವೆಟ್‌ಗಳನ್ನೂ ಒಂದೊಂದಾಗಿ ಗುರುತಿಸಿ ಬರೆಯಬೇಕು.