ಪರಚಿಸಿಕೊಳ್ಳದೆ ಬೆಕ್ಕನ್ನು ಮುದ್ದಿಸುವುದು ಹೇಗೆ?

ಮನೆಗೆ ನೆಂಟರು ಬಂದಿದ್ದಾರೆ. ಜೊತೆಗೆ ಬಂದ ಹುಡುಗನ ಕಣ್ಣಿಗೆ ಸೋಫಾ ಮೇಲೆ ಮಲಗಿದ ಬೆಕ್ಕು ಬಿದ್ದಿದೆ. ಓಡಿಹೋಗಿ ಎತ್ತಿ, ಎದೆಗವುಚಿಕೊಂಡು, ಮುಖಕ್ಕೆ ಮುಖ ಉಜ್ಜುತ್ತಾನೆ. ಮರುಕ್ಷಣ ಅಳು, ಮೊಣಕೈ ಮೇಲೆ ಕೆಂಪು ಗೆರೆ, ‘ಎಷ್ಟು ಹಾಕಿದರೂ ಇದಕ್ಕೆ ನಿಯತ್ತಿಲ್ಲ’ ಎಂಬ ಹಿರಿಯರ ತೀರ್ಪು. ಬೆಕ್ಕು ಅಷ್ಟರಲ್ಲಿ ಮಂಚದ ಕೆಳಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಮುದ್ದಿನ ವಿಷಯದಲ್ಲಿ ಮಾತ್ರ ಚೆಲ್ಲಾಟ ನಮ್ಮದು, ಪ್ರಾಣಸಂಕಟ ಬೆಕ್ಕಿನದು.

ಬೆಕ್ಕು ಬೇಟೆಯಾಡುವ ಪ್ರಾಣಿ ನಿಜ. ಆದರೆ ತನಗಿಂತ ದೊಡ್ಡದರ ಬಾಯಿಗೆ ಬೀಳಬಹುದಾದ ಪುಟ್ಟ ಪ್ರಾಣಿಯೂ ಹೌದು. ಮೇಲಿನಿಂದ ಇಳಿಯುವ ಕೈ, ಸುತ್ತ ಬಿಗಿಯುವ ತೋಳು ನಮಗೆ ಪ್ರೀತಿ. ಅದಕ್ಕೆ ‘ಸಿಕ್ಕಿಬಿದ್ದೆ’ ಎಂಬ ಗಾಬರಿ. ಆದ್ದರಿಂದ ಮುದ್ದಿಸುವಾಗ ಅದು ಎದ್ದು ಹೋಗಲು ದಾರಿ ಸದಾ ತೆರೆದಿರಲಿ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಮೊದಲು, ಅದೇ ಬರಲಿ

ನೆಲದ ಮೇಲೆ ಕುಳಿತುಕೊಳ್ಳಿ. ನಿಂತ ಮನುಷ್ಯ ಬೆಕ್ಕಿನ ಪಾಲಿಗೆ ಗೋಪುರ. ದಿಟ್ಟಿಸಿ ನೋಡಬೇಡಿ, ಬೆಕ್ಕುಗಳ ಲೋಕದಲ್ಲಿ ಅದು ಜಗಳಕ್ಕೆ ಕರೆದಂತೆ. ಬದಲಿಗೆ ಕಣ್ಣುಗಳನ್ನು ಕಿರಿದು ಮಾಡಿ, ನಿಧಾನವಾಗಿ ಮುಚ್ಚಿ ತೆರೆಯಿರಿ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಕಣ್ಣು ಮಿಟುಕಿಸಿ ಉತ್ತರಿಸಿದವು. ಅಪರಿಚಿತರೇ ಆದರೂ ಅಂಥವರ ಕೈಯತ್ತ ಹೆಚ್ಚಾಗಿ ಬಂದವು.

ಬಾಲ ನೆಟ್ಟಗೆ ಎತ್ತಿಕೊಂಡು ಹತ್ತಿರ ಬಂದರೆ ಅದು ಶುಭಶಕುನ. ಆಗ ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ, ತುಸು ದೂರದಲ್ಲೇ ಹಿಡಿಯಿರಿ. ಮೂಸಿ ನೋಡಿ ಕೆನ್ನೆ ಉಜ್ಜಿತೇ? ಅಪ್ಪಣೆ ಸಿಕ್ಕಿತು. ಮೂಸಿ ಮುಖ ತಿರುಗಿಸಿತೇ? ಇವತ್ತಿಗೆ ಅಷ್ಟೇ. ‘ಪುಸ್ ಪುಸ್’ ಎಂದು ಬೆನ್ನು ಹತ್ತಬೇಡಿ. ಬೆಕ್ಕು ತಾನಾಗಿ ಶುರು ಮಾಡಿದ ಒಡನಾಟ ನಾವು ಮೈಮೇಲೆ ಬಿದ್ದು ಶುರು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ ಎಂದು ಸ್ವಿಟ್ಜರ್ಲೆಂಡಿನಲ್ಲಿ ಡೆನ್ನಿಸ್ ಟರ್ನರ್ ಬಹಳ ಹಿಂದೆಯೇ ತೋರಿಸಿದ್ದಾರೆ.

ಎಲ್ಲಿ ಮುಟ್ಟಬೇಕು

ಕೆನ್ನೆ, ಗದ್ದ, ಕಣ್ಣು ಮತ್ತು ಕಿವಿಯ ನಡುವೆ ಕೂದಲು ತೆಳುವಾಗಿರುವ ಜಾಗ. ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಅದು ಮುಖ ಉಜ್ಜಿ ‘ಇದು ನಮ್ಮದು’ ಎಂದು ಗುರುತು ಹಾಕುವುದು ಈ ಗ್ರಂಥಿಗಳಿಂದಲೇ. ಬೆನ್ನಿನ ಮೇಲೆ ಕೂದಲ ದಿಕ್ಕಿಗೆ ಸವರಿದರೆ ಹಲವು ಬೆಕ್ಕುಗಳು ಒಪ್ಪುತ್ತವೆ. ಬಾಲದ ಬುಡ, ಪಾದ, ಹೊಟ್ಟೆ ಬೇಡ.

ಹೊಟ್ಟೆಯಲ್ಲೇ ಹೆಚ್ಚಿನವರು ಮೋಸ ಹೋಗುವುದು. ಬೆಕ್ಕು ನಿಮ್ಮೆದುರು ಅಂಗಾತ ಉರುಳಿತು ಎಂದರೆ ‘ನಿನ್ನ ಮುಂದೆ ನನಗೆ ಭಯವಿಲ್ಲ’ ಎಂದರ್ಥ, ‘ಕೆರೆ’ ಎಂದಲ್ಲ. ಕೈ ಹಾಕಿದರೆ ನಾಲ್ಕೂ ಕಾಲಿನ ಉಗುರು ಒಟ್ಟಿಗೆ ಸಿಗುತ್ತವೆ.

ಮೂರು ಎಣಿಸಿ, ಕೈ ತೆಗೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆನ್ನೆ ಸವರುತ್ತಾ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ, ಕೈ ಹಿಂದಕ್ಕೆ ತೆಗೆದು ಸುಮ್ಮನಿರಿ. ಬೇಕೆನಿಸಿದರೆ ಬೆಕ್ಕು ತಲೆಯಿಂದ ಕೈಯನ್ನು ಗುದ್ದುತ್ತದೆ, ಮುಂಗಾಲು ಚಾಚಿ ಎಳೆಯುತ್ತದೆ. ಮತ್ತೆ ಮೂರು ಎಣಿಕೆ. ಏನೂ ಮಾಡದೆ ಕುಳಿತಿದ್ದರೆ ಮೌನವನ್ನು ಸಮ್ಮತಿ ಎಂದುಕೊಳ್ಳಬೇಡಿ.

2021ರಲ್ಲಿ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಲಂಡನ್ನಿನ ಬ್ಯಾಟರ್ಸೀ ಆಶ್ರಯಧಾಮದ ಬೆಕ್ಕುಗಳೊಂದಿಗೆ ನಡೆಸಿದ ಅಧ್ಯಯನದ ಸಾರವೂ ಇದೇ. ಆಯ್ಕೆ ಬೆಕ್ಕಿನದಾಗಲಿ, ಅದರ ಮೈಭಾಷೆಯ ಮೇಲೆ ಕಣ್ಣಿರಲಿ, ಹೆಚ್ಚಾಗಿ ಮುಖದ ಗ್ರಂಥಿಗಳಿರುವ ಕಡೆಯೇ ಮುಟ್ಟಿ ಎಂದು ಜನರಿಗೆ ಸ್ವಲ್ಪ ಹೊತ್ತು ಹೇಳಿಕೊಟ್ಟರು. ಅಷ್ಟಕ್ಕೇ ಬೆಕ್ಕುಗಳ ಸಿಡುಕು ಕಡಿಮೆಯಾಯಿತು, ಸ್ನೇಹ ಹೆಚ್ಚಿತು.

‘ಸಾಕು’ ಎನ್ನುವುದನ್ನು ಓದುವುದು

‘ಸುಮ್ಮನೆ ಮಲಗಿತ್ತು, ಇದ್ದಕ್ಕಿದ್ದಂತೆ ಕಚ್ಚಿತು’ ಎನ್ನುವವರೇ ಹೆಚ್ಚು. ಇದ್ದಕ್ಕಿದ್ದಂತೆ ಅಲ್ಲ, ಅದು ನಾಲ್ಕಾರು ಸಲ ಹೇಳಿರುತ್ತದೆ. ನಮ್ಮ ಮನೆಯ ಕರಿಯನ ಬಾಲದ ತುದಿ ಪಟಪಟನೆ ನೆಲಕ್ಕೆ ಬಡಿಯುವುದನ್ನು ಗಮನಿಸಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಖುಷಿಗೆ ಬಾಲ ಆಡಿಸುತ್ತಾನೆ ಎಂದುಕೊಂಡಿದ್ದೆ. ಅದು ನಾಯಿಯ ವ್ಯಾಕರಣ.

ಬೆನ್ನಿನ ಚರ್ಮ ಅಲೆಯಂತೆ ನಡುಗುವುದು, ಕಿವಿಗಳು ಪಕ್ಕಕ್ಕೆ ಚಪ್ಪಟೆಯಾಗುವುದು, ಕೈಯತ್ತ ಗಕ್ಕನೆ ತಲೆ ತಿರುಗಿಸುವುದು, ಏನೋ ನೆನಪಾದಂತೆ ಮೈ ನೆಕ್ಕಲು ಶುರು ಮಾಡುವುದು, ಮೈ ಬಿಗಿ ಮಾಡಿ ಕಲ್ಲಾಗುವುದು ಎಲ್ಲವೂ ‘ಸಾಕು’. ಗುರ್ರ್ ಗುರ್ರ್ ಸದ್ದು ಥಟ್ಟನೆ ನಿಂತರೂ ಅದೇ. ಅಂದಹಾಗೆ ಆ ಸದ್ದನ್ನೂ ಪೂರ್ತಿ ನಂಬಬೇಡಿ. ನೋವಿನಲ್ಲಿರುವ ಬೆಕ್ಕೂ ಗುರ್ರ್ ಎನ್ನುತ್ತದೆ.

‘ಹಿಸ್ಸ್’ ಎಂದರೆ ಗದರಬೇಡಿ, ಹೊಡೆಯಲಂತೂ ಬೇಡ. ಎಚ್ಚರಿಕೆಗೆ ಏಟೇ ಉತ್ತರ ಎಂದು ಕಲಿತ ಬೆಕ್ಕು ಮುಂದೆ ಎಚ್ಚರಿಸದೆ ನೇರವಾಗಿ ಕಚ್ಚಬಹುದು.

ಎತ್ತಲೇಬೇಕಾದಾಗ

ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ. ಒದ್ದಾಡಿದರೆ ಬಗ್ಗಿ ನೆಲಕ್ಕೆ ಬಿಡಿ. ತಾಯಿಬೆಕ್ಕು ಮರಿಯನ್ನು ಕತ್ತು ಕಚ್ಚಿ ಒಯ್ಯುವುದನ್ನು ನೋಡಿ ಹಲವರು ದೊಡ್ಡ ಬೆಕ್ಕನ್ನೂ ಹಾಗೆಯೇ ನೇತಾಡಿಸುತ್ತಾರೆ. ತಾಯಿ ಕಚ್ಚಿ ಒಯ್ಯುವ ಮರಿಯಂತೆ ಭಕ್ತ ದೇವರಿಗೆ ಪೂರ್ತಿ ಶರಣಾಗಬೇಕು ಎನ್ನುವ ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯದಲ್ಲೂ ಶರಣಾಗುವುದು ಕಿಶೋರ, ಅಂದರೆ ಮರಿ. ನಾಲ್ಕು ಕಿಲೋ ತೂಗುವ ಗಂಡುಬೆಕ್ಕು ಅಂಥ ಶರಣಾಗತಿಗೆ ಒಪ್ಪಿರುವುದಿಲ್ಲ, ಅದಕ್ಕೆ ನೋವಾಗುತ್ತದೆ.

ಇಷ್ಟು ದಿನ ಮುಟ್ಟಿಸಿಕೊಳ್ಳುತ್ತಿದ್ದ ಬೆಕ್ಕು ಈಗೀಗ ಬೆನ್ನು ಮುಟ್ಟಿದರೆ ಸಿಡುಕುತ್ತದೆ ಎಂದಾದರೆ ಪಶುವೈದ್ಯರಿಗೆ ತೋರಿಸಿ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಅಧ್ಯಯನದಲ್ಲಿ 90ಕ್ಕೆ ಕೀಲು ಸವೆತದ ಲಕ್ಷಣಗಳಿದ್ದವು.

ಇಷ್ಟಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅವತ್ತೇ ವೈದ್ಯರನ್ನು ಕಂಡು ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವಾಗಬಹುದು.

ಮನೆಯಲ್ಲಿ ಮಕ್ಕಳಿದ್ದರೆ

ಉಣ್ಣುವಾಗ, ನಿದ್ದೆಯಲ್ಲಿ, ಕಕ್ಕಸಿಗೆಂದು ಇಟ್ಟ ಮಣ್ಣು ತುಂಬಿದ ತಟ್ಟೆಯಲ್ಲಿ ಕೂತಾಗ ಮುಟ್ಟಕೂಡದು ಎಂಬುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ದೊಡ್ಡವರಿಗೇ ತಡ. ಜೊತೆಗೆ ಎತ್ತರದಲ್ಲಿ ಯಾರೂ ಕೈ ಹಾಕದ ಒಂದು ಜಾಗ ಬೆಕ್ಕಿಗೆ ಬೇಕು. ನಮ್ಮಲ್ಲಿ ಅದು ಸಜ್ಜಾದ ಮೇಲಿನ ಹಳೆಯ ರಟ್ಟಿನ ಪೆಟ್ಟಿಗೆ. ಮೊನ್ನೆ ಬಂದ ಅಕ್ಕನ ಮಗ ಅದರ ಕೆಳಗೆ ಚಾಪೆ ಹಾಸಿಕೊಂಡು, ಮೇಲೆ ನೋಡುತ್ತಾ ಅರ್ಧ ಗಂಟೆ ಕಣ್ಣು ಮಿಟುಕಿಸಿದ. ಕರಿಯ ಇಳಿದು ಬಂದು ಅವನ ಕಾಲ್ಬೆರಳು ಮೂಸಿ, ಅಡುಗೆಮನೆಗೆ ಹೋದ.