40 ನಿಮಿಷ, 60 ಮಕ್ಕಳು: ನಮ್ಮ ಹೈಸ್ಕೂಲಿನ ಲ್ಯಾಬ್ ಓಡಿದ್ದು ಹೀಗೆ

60 ಮಕ್ಕಳ ತರಗತಿಗೆ ಒಂದು ಪಿರಿಯಡ್‌ನಲ್ಲಿ ಪ್ರಯೋಗ ಮಾಡಿಸೋಕೆ ಆಗಲ್ಲ ಅಂತ ನಮ್ಮ ತಾಲ್ಲೂಕಿನ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತು. "ಪಾಠ ಯಾರು ಮುಗಿಸ್ತಾರೆ ಸಾರ್? ಗಾಜು ಒಡೆದ್ರೆ ಯಾರು ತುಂಬಿಕೊಡ್ತಾರೆ?" ಎಂದು ಒಬ್ಬರು ಎದ್ದು ನಿಂತೇ ಕೇಳಿದ್ದರು. ನಮ್ಮ ಶಾಲೆಯಲ್ಲಿ ಇದನ್ನು ಶುರು ಮಾಡಿ ಈಗ ಮೂರನೇ ವರ್ಷ ನಡೆಯುತ್ತಿದೆ. ಹತ್ತನೇ ತರಗತಿಯ ಎಲ್ಲ ಮಕ್ಕಳೂ ತಮ್ಮ ಕೈಯಿಂದಲೇ ಪ್ರಯೋಗ ಮಾಡುತ್ತಿದ್ದಾರೆ. ಪಾಠವೂ ಜನವರಿಯೊಳಗೆ ಮುಗಿಯುತ್ತಿದೆ. ಅವತ್ತು ಕೇಳಿದವರೇ ಮೊನ್ನೆ ಬಂದು ಪ್ರಯೋಗದ ಸಾಮಾನು ಜೋಡಿಸಿದ ನಮ್ಮ ಟ್ರೇಗಳ ಫೋಟೊ ಹೊಡೆದುಕೊಂಡು ಹೋದರು.

ನಮ್ಮದು ಚಳ್ಳಕೆರೆ ಕಡೆಯ ಸರ್ಕಾರಿ ಹೈಸ್ಕೂಲು. ವಿಜ್ಞಾನಕ್ಕೆ ಇಬ್ಬರು. ನಾನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಮೇಡಂ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ಗಣಿತವೂ ನನ್ನ ತಲೆಗೇ ಅಂದ ಮೇಲೆ ವಾರದ ಪಿರಿಯಡ್ ಲೆಕ್ಕ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಲ್ಯಾಬ್ ಅಟೆಂಡರ್ ಇಲ್ಲ.

ಮೊದಲು ಕೈ ಹಾಕಿದ್ದು ಪ್ರಯೋಗಕ್ಕಲ್ಲ, ದಾಸ್ತಾನು ಪುಸ್ತಕಕ್ಕೆ. ನಮ್ಮ ಲ್ಯಾಬ್‌ಗಳಿಗೆ ಬೀಗ ಬೀಳುವುದೇ ಅಲ್ಲಿಂದ. ಚಾರ್ಜ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಒಡೆದ ಬೀಕರಿನ ಭಯ. ವರ್ಗಾವಣೆ ಆದಾಗ ಒಂದು ಟೆಸ್ಟ್ ಟ್ಯೂಬ್ ಕಮ್ಮಿಯಾದರೂ ಮಾತು ಕೇಳಬೇಕು. ಅದಕ್ಕೆ ಹೆಡ್ ಮಾಸ್ಟರ್ ಹತ್ತಿರ ಕೂತು ಒಡೆದ ಸಾಮಾನಿಗೆ ಬೇರೆ ಪುಸ್ತಕ ಮಾಡಿಸಿದೆ. ಏನು ಒಡೆಯಿತು, ಯಾವ ಪ್ರಯೋಗದಲ್ಲಿ ಒಡೆಯಿತು, ಅಷ್ಟೇ. ತಿಂಗಳ ಕೊನೆಗೆ ಅವರ ಸಹಿ. ಮಗುವಿನ ಹೆಸರು ಬರೆಯುವ ಹಾಗಿಲ್ಲ, ದಂಡ ಕೇಳುವ ಹಾಗಿಲ್ಲ. ಇಷ್ಟಾದ ಮೇಲೆ ಮೇಡಂ ಕೂಡ ಧೈರ್ಯವಾಗಿ ಬೀಗ ತೆಗೆದರು.

ನಮ್ಮ ಹತ್ತಿರದ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಕ್ಯಾಂಪಸ್‌ನಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಅಲ್ಲಿ ನಮ್ಮ ಕೈಗೇ ಸಾಮಾನು ಕೊಟ್ಟು ಮಾಡಿಸುತ್ತಾರೆ. ಆದರೆ ಅಲ್ಲಿರುವ ಸಲಕರಣೆ ನಮ್ಮಲ್ಲಿ ಎಲ್ಲಿಂದ ಬರಬೇಕು? ವಾಪಸ್ ಬಂದು ತರಕಾರಿ ಅಂಗಡಿಯ ಪ್ಲಾಸ್ಟಿಕ್ ಟ್ರೇ ತಂದೆ, ಹನ್ನೆರಡೋ ಹದಿಮೂರೋ. ಒಂದು ಟ್ರೇಗೆ ಐದು ಮಕ್ಕಳು. ಎಲ್ಲ ಟ್ರೇಯಲ್ಲೂ ಅದೇ ಪ್ರಯೋಗದ ಅದೇ ಸಾಮಾನು. ಮೊದಲ ವಾರ ಗದ್ದಲವೋ ಗದ್ದಲ. ಹಂಚೋಕೆ ಹತ್ತು ನಿಮಿಷ, ಎಣಿಸಿ ವಾಪಸ್ ತಗೊಳ್ಳೋಕೆ ಹತ್ತು ನಿಮಿಷ. ಉಳಿದದ್ದು ಎಷ್ಟು?

ಇದನ್ನು ಸರಿ ಮಾಡಿದ್ದು ಥರ್ಮೋಕೋಲ್. ಕಂಪ್ಯೂಟರ್ ಪ್ಯಾಕಿಂಗ್‌ನಲ್ಲಿ ಬಂದಿದ್ದು ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ಟ್ರೇ ಅಳತೆಗೆ ಕತ್ತರಿಸಿ, ಒಂದೊಂದು ಸಾಮಾನಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಅಷ್ಟೇ ಜಾಗ ಕೊರೆದೆ. ಡ್ರಾಪರ್‌ಗೆ ಒಂದು ಗುಂಡಿ, ವಾಚ್ ಗ್ಲಾಸ್ ಅನ್ನೋ ಗಾಜಿನ ತಟ್ಟೆಗೆ ಒಂದು, ನಾಲ್ಕು ಟೆಸ್ಟ್ ಟ್ಯೂಬ್‌ಗೆ ನಾಲ್ಕು. ಗುಂಡಿ ಖಾಲಿ ಇದ್ದರೆ ದೂರದಿಂದಲೇ ಕಾಣುತ್ತದೆ. ಎಣಿಸುವ ಕೆಲಸವೇ ತಪ್ಪಿತು. ಈಗ ಹಂಚೋಕೆ, ವಾಪಸ್ ಇಡೋಕೆ ಎಲ್ಲ ಸೇರಿ ಐದಾರು ನಿಮಿಷ ಸಾಕು. ಟ್ರೇ ಜೋಡಿಸುವುದು ಒಂಬತ್ತನೇ ತರಗತಿಯ ಪಾಳಿ, ಹಿಂದಿನ ದಿನ ಸಂಜೆಯೇ. ಆಸಿಡ್ ಮಾತ್ರ ಅವರ ಕೈಗೆ ಕೊಡುವುದಿಲ್ಲ. ಅದನ್ನು ನೀರಿಗೆ ಬೆರೆಸಿ ಡ್ರಾಪರ್ ಬಾಟಲಿಗೆ ತುಂಬುವವನು ನಾನೇ.

ದುಡ್ಡಿನ ವಿಷಯ. ಮೊದಲ ವರ್ಷ ಸುಮಾರು 13 ಸಾವಿರ ಹೋಯಿತು. ಎರಡನೇ ವರ್ಷ 5 ಸಾವಿರದ ಆಸುಪಾಸು. ಶಾಲೆಯ ಅನುದಾನದಿಂದ ಲ್ಯಾಬ್‌ಗೆ ಸಿಕ್ಕಿದ್ದು ಅದರಲ್ಲಿ ಅರ್ಧವೂ ಇಲ್ಲ. ನಾವು ಕೇಳಿದ್ದು ಟೆಸ್ಟ್ ಟ್ಯೂಬ್, ವರ್ಷಗಳ ಹಿಂದೆ ಸರಬರಾಜಾಗಿ ಬಂದಿದ್ದು ಕಣ್ಣಿನ ಮಾದರಿ, ಒಂದೇ ಥರದ್ದು ಮೂರು. ಅದನ್ನು ಇಟ್ಟುಕೊಂಡು ಏನು ಮಾಡೋಣ? ಅಗ್ಗದ ಸಾಮಾನಿಗೆ ಬಿಲ್ಲು ಸಿಗಲ್ಲ ಅನ್ನೋದು ಇನ್ನೊಂದು ತೊಂದರೆ. ಕಾಪರ್ ಸಲ್ಫೇಟ್ ಗೊಬ್ಬರದಂಗಡಿಯಲ್ಲಿ ಮೈಲುತುತ್ತ ಅಂತಲೇ ಸಿಗುತ್ತದೆ, ಲ್ಯಾಬ್ ಅಂಗಡಿಗಿಂತ ಎಷ್ಟೋ ಅಗ್ಗ. ಅದರ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ ತಾಮ್ರದ ಕೆಂಪು ಲೇಪ ಚೆನ್ನಾಗಿಯೇ ಬರುತ್ತದೆ. ಸುಣ್ಣದ ತಿಳಿನೀರಿಗೆ ಎಲೆ ಅಡಿಕೆ ಅಂಗಡಿಯ ಸುಣ್ಣ ಸಾಕು. ಕಾರ್ಬನ್ ಕಡ್ಡಿಗೆ ಹಳೆ ಸೆಲ್ ಒಡೆದರಾಯಿತು. ಇದಕ್ಕೆಲ್ಲ ವೋಚರ್ ಎಲ್ಲಿಂದ ತರೋಣ? ಅನುದಾನದಲ್ಲಿ ಬಿಲ್ಲಿರುವ ಗಾಜಿನ ಸಾಮಾನು, ಹಳೇ ವಿದ್ಯಾರ್ಥಿಗಳು ಕೊಟ್ಟಿದ್ದರಲ್ಲಿ ಈ ಚಿಲ್ಲರೆ ಸಾಮಾನು, ಹೀಗೆ ಬೇರೆ ಮಾಡಿದೆವು. ಅವರಿಗೆ ಪ್ರತಿ ಪೈಸೆ ಲೆಕ್ಕ ಗೋಡೆಗೆ ಅಂಟಿಸಿ ತೋರಿಸುತ್ತೇವೆ.

ಜಾಸ್ತಿ ದುಡ್ಡು ನುಂಗಿದ್ದು ಓಮನ ನಿಯಮದ ಪ್ರಯೋಗ, ಅಂದರೆ ವೋಲ್ಟೇಜಿಗೂ ಕರೆಂಟಿಗೂ ಇರುವ ಸಂಬಂಧ ಅಳೆಯುವುದು. ಕರೆಂಟು ಹರಿಸುವ ಪ್ಲಗ್ ಕೀ ಹಾಕಿಟ್ಟು ಮಕ್ಕಳು ರೀಡಿಂಗ್ ಬರೆಯುತ್ತಾ ಕೂರುತ್ತಾರೆ. ತಂತಿ ಬಿಸಿಯಾಗುತ್ತದೆ, ರೀಡಿಂಗ್ ಜಾರುತ್ತದೆ, ಸೆಲ್ ಸಾಯುತ್ತದೆ. ಒಂದೇ ತಿಂಗಳಿಗೆ ಆರು ಡಜನ್ ಸೆಲ್ ಖಾಲಿ. ಪ್ಲಗ್ ಕೀ ಎಲ್ಲ ತೆಗೆದು ಮನೆಯ ಕಾಲಿಂಗ್ ಬೆಲ್ ಸ್ವಿಚ್ ಹಾಕಿದೆ, ಒಂದಕ್ಕೆ ಮೂವತ್ತೋ ನಲವತ್ತೋ ರೂಪಾಯಿ. ಒತ್ತಿ ಹಿಡಿದಾಗ ಮಾತ್ರ ಕರೆಂಟು. ಒಬ್ಬ ಒತ್ತುತ್ತಾನೆ, ಇನ್ನೊಬ್ಬಳು ಓದುತ್ತಾಳೆ, ಕೈ ಬಿಟ್ಟರೆ ಮುಗಿಯಿತು. ಈಗ ಅದೇ ಸೆಲ್ ಒಂದು ವರ್ಷ ಬರುತ್ತಿದೆ. ಕರೆಂಟು ಅಳೆಯುವ ಅಮ್ಮೀಟರನ್ನು ಸೆಲ್‌ಗೆ ನೇರವಾಗಿ ಕೊಟ್ಟು ಸುಡುವುದೂ ಇತ್ತು. ವೋಲ್ಟ್‌ಮೀಟರ್ ತಂತಿಗೆ ಮಾತ್ರ ಮೊಸಳೆ ಕ್ಲಿಪ್ ಬಿಟ್ಟು, ಅಮ್ಮೀಟರನ್ನು ಸ್ವಿಚ್ ಜೊತೆ ಹಲಗೆಗೇ ಸರಣಿಯಲ್ಲಿ ಕೂರಿಸಿದೆ. ಆಮೇಲೆ ಒಂದೂ ಸುಟ್ಟಿಲ್ಲ.

ನೀರಿನ ವಿದ್ಯುದ್ವಿಭಜನೆ, ಅಂದರೆ ಕರೆಂಟು ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದು, ಮಾತ್ರ ಬಹಳ ಕಾಡಿತು. ಪೆನ್ಸಿಲ್ ಕಡ್ಡಿ ಉದುರುತ್ತದೆ. ಉಪ್ಪು ಹಾಕಿದರೆ ಕ್ಲೋರಿನ್ ವಾಸನೆ. ಸೆಲ್‌ನ ಕಾರ್ಬನ್ ಕಡ್ಡಿ ಇಟ್ಟು, ನೀರಿಗೆ ನಾಲ್ಕು ಹನಿ ಸಲ್ಫ್ಯೂರಿಕ್ ಆಸಿಡ್ ಹಾಕಿ ಮಾಡಿದರೂ ಆಕ್ಸಿಜನ್ ಯಾವಾಗಲೂ ಕಮ್ಮಿಯೇ, ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಅನ್ನೋ ಪುಸ್ತಕದ 2:1 ಬರುವುದಿಲ್ಲ. ಒಂದಿಷ್ಟು ನೀರಿನಲ್ಲಿ ಕರಗುತ್ತದೆ, ಒಂದಿಷ್ಟು ಕಾರ್ಬನ್ನನ್ನೇ ತಿನ್ನುತ್ತದೆ. ಮಕ್ಕಳಿಗೆ ಬಂದ ಅಳತೆಯನ್ನೇ ಬರೆಯಿಸುತ್ತೇನೆ. "ಸಾರ್, ಯಾಕೆ ಕಮ್ಮಿ?" ಅಂತ ಅವರೇ ಕೇಳುತ್ತಾರೆ. ಪಾಠ ಅಲ್ಲಿಂದಲೇ ಶುರು, ಅಲ್ವಾ?

ನಮ್ಮೂರ ಬೋರ್‌ವೆಲ್ ನೀರು ಗಡಸು, ಸೋಪು ಬೇಗ ನೊರೆ ಬರುವುದಿಲ್ಲ. ಒಂದು ಶನಿವಾರ ಮಕ್ಕಳಿಗೆ ಅವರವರ ಊರಿನ ನೀರು ತರಲು ಹೇಳಿದೆ. ಒಂದೇ ಅಳತೆಯ ನೀರಿಗೆ ಸೋಪಿನ ದ್ರಾವಣ ಹನಿ ಹನಿ ಹಾಕಿ, ನೊರೆ ನಿಲ್ಲುವವರೆಗೆ ಎಣಿಸುವುದು. ಶುದ್ಧ ನೀರಿನ ಘಟಕದ ನೀರಿಗೆ ಏಳೆಂಟು ಹನಿ ಸಾಕಾಯಿತು. ಕೆಲವು ಬೋರ್‌ಗಳ ನೀರಿಗೆ ಅರವತ್ತು ದಾಟಿತು. ಕುದಿಸಿ ಆರಿಸಿದ ಮೇಲೆ ಕೆಲವು ಇಳಿದವು, ಕೆಲವು ಜಗ್ಗಲೇ ಇಲ್ಲ. ಕುದಿಸಿದರೆ ಹೋಗುವ ತಾತ್ಕಾಲಿಕ ಗಡಸು, ಕುದಿಸಿದರೂ ಹೋಗದ ಶಾಶ್ವತ ಗಡಸು ಎರಡೂ ಕಣ್ಣೆದುರೇ ಬೇರೆಯಾದವು. ಎಂಟನೇ ತರಗತಿಯ ಇಬ್ಬರು ಹುಡುಗಿಯರು ಇದನ್ನೇ ಬೆಳೆಸಿ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಜಿಲ್ಲಾ ಮಟ್ಟದವರೆಗೆ ಹೋದರು. ನನಗೆ ಅದು ದೊಡ್ಡ ಹೆಮ್ಮೆ.

ಆಮ್ಲ, ಪ್ರತ್ಯಾಮ್ಲ ಗುರುತಿಸುವ ಲಿಟ್ಮಸ್ ಕಾಗದ ಕೊಳ್ಳುವುದು ನಿಲ್ಲಿಸಿದ್ದೇವೆ. ದಾಸವಾಳದ ರಸದಲ್ಲಿ ಅದ್ದಿದ ಕಾಗದದ ಪಟ್ಟಿ ಬಳಸುತ್ತೇವೆ. ಎಲ್ಲರೂ ಮಾಡುತ್ತಾರೆ, ಎರಡು ವಾರಕ್ಕೆ ಬಣ್ಣ ಮಾಸುತ್ತದೆ. ನಮ್ಮದು ಮುಂದಿನ ಜೂನ್‌ವರೆಗೂ ಇರುತ್ತದೆ. ಯಾವ ಕಾಗದ, ಹೇಗೆ ಒಣಗಿಸುವುದು ಅನ್ನೋದು ಇಲ್ಲಿ ಬರೆಯುವುದಿಲ್ಲ. ಮೇಡಂ ಕಂಡುಹಿಡಿದದ್ದು, ಶಾಲೆಗೆ ಬಂದವರಿಗೆ ಅವರೇ ತೋರಿಸುತ್ತಾರೆ.

ಈ ವರ್ಷದ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿದ್ಯುತ್ ಮಂಡಲದ ಚಿತ್ರ ಬರೆಯದೆ ಬಿಟ್ಟವರು ಮೂರ್ನಾಲ್ಕು ಜನ ಅಷ್ಟೇ. ಮೊದಲು ಅರ್ಧ ತರಗತಿಯೇ ಬಿಡುತ್ತಿತ್ತು. ಜೀವಶಾಸ್ತ್ರ ಇನ್ನೂ ಹಿಂದಿದೆ. ಎರಡೇ ಮೈಕ್ರೋಸ್ಕೋಪು, ಅದರಲ್ಲಿ ಒಂದರ ಕನ್ನಡಿ ಹೋಗಿದೆ. 60 ಮಕ್ಕಳು ಸಾಲು ನಿಂತು ಎಲೆಯ ಪುಟ್ಟ ರಂಧ್ರ (ಪತ್ರರಂಧ್ರ) ನೋಡುವಷ್ಟರಲ್ಲಿ ಬೆಲ್ ಆಗುತ್ತದೆ. ಹಳೇ ಮೊಬೈಲ್ ಮತ್ತು ಸಿಡಿ ಪ್ಲೇಯರಿನ ಲೆನ್ಸ್ ಸೇರಿಸಿ ಏನೋ ಪ್ರಯತ್ನ ನಡೆದಿದೆ. ಈರುಳ್ಳಿ ಸಿಪ್ಪೆಯ ಕೋಶಗಳು ಕಾಣುತ್ತಿವೆ, ಅಂಚು ಮಾತ್ರ ಮಸುಕು. ನಿಮ್ಮಲ್ಲಿ ಯಾರಾದರೂ ಇದನ್ನು ಸರಿಪಡಿಸಿದ್ದರೆ ತಿಳಿಸಿ, ಟ್ರೇಗೆ ಸೇರಿಸುತ್ತೇನೆ.